ನಾನು ಬುತ್ತಿ ಬಿಚ್ಚಿದ ದಿನ

ಸರಕನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕೆಡದಂತೆ, ಕಳೆಯದಂತೆ, ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಹೇಗೆಂದು ಜಮಖಂಡಿಯ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಎಂ.ಕಾಂ. ಮಕ್ಕಳಿಗೆ ಹಲವು ವರ್ಷಗಳಿಂದ ಪಾಠ ಹೇಳುತ್ತ ಬಂದವನು ನಾನು. ಅಂಥವನಿಗೆ ನಾಲ್ಕಾರು ರೊಟ್ಟಿ ಗಂಟುಗಳನ್ನು ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ತರುವುದು ಯಾವ ಗಿಡದ ತಪ್ಪಲು? ಹಾಗೆಂದು ನಾನು ತಿಳಿದಿದ್ದೆ. ಬಹಳ ಗಟ್ಟಿಯಾಗಿ ತಿಳಿದಿದ್ದೆ!

ಬೇಸಿಗೆ ರಜೆಯಲ್ಲಿ ನಮ್ಮ ಕೇಂದ್ರದ ತರಗತಿಗಳಿಗೆ ಬೀಗ ಬೀಳುತ್ತದೆ. ವಾಚನಾಲಯಕ್ಕೆ ಮಾತ್ರ ಬೀಳುವುದಿಲ್ಲ. ಅಲ್ಲಿ ಎರಡು ಕೂಲರ್ ಇವೆ, ತಣ್ಣೀರಿನ ಯಂತ್ರವಿದೆ, ಕೇಳಿದಾಗ ಪುಸ್ತಕ ತೆಗೆದುಕೊಡುವವರಿದ್ದಾರೆ. ದೂರದ ಮಕ್ಕಳಿಗೆ ಹಾಸ್ಟೆಲ್ ಕೋಣೆಗಳನ್ನೂ ಬಿಟ್ಟುಕೊಡುತ್ತಾರೆ. ಸಾವಳಗಿ, ಗಲಗಲಿ, ಬಾಡಗಂಡಿ, ತೇರದಾಳ, ರಬಕವಿ ಕಡೆಯ ಹುಡುಗ ಹುಡುಗಿಯರು ಪರೀಕ್ಷೆಗೆ ಓದಲು ಅಲ್ಲೇ ಉಳಿಯುತ್ತಾರೆ. ಹೊರಗೆ ನಾಯಿ ಕೂಡ ನೆರಳು ಬಿಟ್ಟು ಕದಲದ ಬಿಸಿಲಿರುವಾಗ ಒಳಗೆ ತಲೆ ತಗ್ಗಿಸಿ ಓದುವ ಈ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಗೌರವ. ಅವರ ವಯಸ್ಸಿನಲ್ಲಿ ನಾನು ಬೇಸಿಗೆಯಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ನಿದ್ದೆ.

ತೊಂದರೆ ಒಂದೇ. ಹಾಸ್ಟೆಲಿನ ಅಡುಗೆಯವರು ರಜೆಗೆ ಊರಿಗೆ ಹೋಗುತ್ತಾರೆ. ಆಗ ಮಕ್ಕಳ ಊಟ ಬಸ್ಸಿನಲ್ಲಿ ಬರುತ್ತದೆ. ಬೆಳಿಗ್ಗೆ ಹಳ್ಳಿಯಲ್ಲಿ ತಾಯಂದಿರು ರೊಟ್ಟಿ ಬಡಿದು, ಪಲ್ಯ ಡಬ್ಬಿಗೆ ಹಾಕಿ, ಹಳೆಯ ಸೀರೆಯ ತುಂಡಲ್ಲೋ ಧೋತರದ ತುಂಡಲ್ಲೋ ಬುತ್ತಿ ಕಟ್ಟಿ ಬಸ್ ಡ್ರೈವರನ ಹತ್ತಿರ ಕೊಡುತ್ತಾರೆ. ಹೆಸರಿಲ್ಲ, ಚೀಟಿಯಿಲ್ಲ. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳು ಬಟ್ಟೆ ನೋಡಿಯೇ ಬುತ್ತಿ ಗುರುತಿಸಿ ಎತ್ತಿಕೊಳ್ಳುತ್ತಾರೆ. ಸಂಜೆ ಅದೇ ಬಸ್ಸಿನಲ್ಲಿ ಖಾಲಿ ಡಬ್ಬಿ ಊರಿಗೆ ವಾಪಸು. ಇಷ್ಟು ಸೊಗಸಾದ ಏರ್ಪಾಡನ್ನು ಕಂಡು ಸುಮ್ಮನಿರಲು ನಾನೇನು ಸಾಮಾನ್ಯ ಮನುಷ್ಯನೇ? ಅದನ್ನು ಸುಧಾರಿಸಬೇಕು ಎನಿಸಿತು!

ಅದಕ್ಕೆ ಸರಿಯಾಗಿ ಪ್ರಾಚಾರ್ಯರು ನನ್ನನ್ನು ಕರೆದರು.

“ಸರ್, ಯುನಿವರ್ಸಿಟಿಯಿಂದ ನಾಳಿ ಕಮಿಟಿ ಬರಾಕತ್ತೈತಿ. ಬ್ಯಾಸಗ್ಯಾಗ ವಾಚನಾಲಯ ತೆರದಿಟ್ಟಿದ್ದು ಉಪಯೋಗ ಐತೋ ಇಲ್ಲೋ ನೋಡತಾರಂತ. ಮಧ್ಯಾಹ್ನ ಬರತಾರ. ಕುರ್ಚಿ ಖಾಲಿ ಕಂಡ್ರ ಮರುದಿನಾನ ಕೀಲಿ ಹಾಕಸ್ತಾರ.”

ಹಿಂದಿನ ದಿನವಷ್ಟೇ ಮಧ್ಯಾಹ್ನ ನಮ್ಮ ವಿದ್ಯಾರ್ಥಿ ಸಾವಳಗಿಯ ಬಸು, ದೊಡ್ಡ ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದನ್ನು ನಾನು ಕಂಡಿದ್ದೆ. ಒಂದು ಅಕ್ಕಿ ಕಾಳು ಹಿಸುಕಿ ಇಡೀ ಅನ್ನದ ಹದ ಹೇಳುವವನು ನಾನು. “ಮಧ್ಯಾಹ್ನ ಎಲ್ಲಾರೂ ಬುತ್ತಿ ತರಾಕ ಎದ್ದು ಹೋಗತಾರ್ರಿ ಸರ್,” ಎಂದೆ. “ಆದ್ರ ನೀವೇನೂ ಚಿಂತಿ ಮಾಡಬ್ಯಾಡ್ರಿ. ಬುತ್ತಿ ಕಾಲೇಜಿಗೇ ಬರತಾವು. ನಾ ತರತೇನಿ!”

ಸಂಜೆ ಗಲಗಲಿಯ ಸುನಂದಾ ನನ್ನನ್ನು ಹುಡುಕಿಕೊಂಡು ಬಂದಳು. ಕೊನೆಯ ಸೆಮಿಸ್ಟರಿನ ಹುಡುಗಿ, ಮಾತು ಕಡಿಮೆ. “ಸರ್, ವಾಚನಾಲಯ ಬಂದ್ ಮಾಡತಾರೇನ್ರಿ? ಮನ್ಯಾಗ ಈಗ ಅಕ್ಕನ ಮದುವಿ ತಯಾರಿ. ಪುಸ್ತಕ ತೆರದ್ರ ಸಾಕು, ‘ಅಕ್ಕಿ ಆರಸು ಬಾ’ ಅಂತಾರ್ರಿ. ಇದನ್ನ ಬಿಟ್ರ ನನಗ ಓದಾಕ ಬ್ಯಾರೆ ಜಾಗಾನ ಇಲ್ರಿ.”

“ನಾ ಇರೂತನಕ ಬಂದ್ ಆಗೂದಿಲ್ಲವಾ” ಎಂದು ಎದೆ ತಟ್ಟಿ ಹೇಳಿದೆ. ಆಗ ಅವಳು ಹೆದರಬೇಕಿತ್ತು, ಪಾಪ, ಸಮಾಧಾನಪಟ್ಟುಕೊಂಡು ಹೋದಳು.

ಕಮಿಟಿ ಬರುವ ದಿನ ಬೆಳಿಗ್ಗೆ ನಾನು ಎಂದಿನಂತೆ ನನ್ನ ರೊಟ್ಟಿ ನಾನೇ ಬಡಿದುಕೊಂಡೆ. ನನ್ನ ಹೆಂಡತಿ ಗಿರಿಜಾ ಮುಧೋಳದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಬೇಗ ಹೊರಡುತ್ತಾಳೆ. ಹಾಗಾಗಿ ನಮ್ಮ ಮನೆಯ ರೊಟ್ಟಿ ಖಾತೆ ಲಾಕ್‌ಡೌನ್ ಕಾಲದಿಂದ ನನ್ನದು. ಆ ವಿದ್ಯೆಯ ಬಗ್ಗೆ ನನಗೆ ಸಾಕಷ್ಟು ಅಭಿಮಾನವಿದೆ. ಗಿರಿಜಾ ಮಾತ್ರ ದಿನವೂ ತಟ್ಟೆಗೆ ಇಣುಕಿ ಒಂದು ಪ್ರಶ್ನೆ ಕೇಳುತ್ತಾಳೆ.

“ಇವತ್ತ ಯಾವ ಜಿಲ್ಲಾದ ನಕಾಶಾರೀ?”

“ಸುಮ್ನ ತಿನ್ನು. ಸರಸರ ಬಡದೇನಿ. ಇವತ್ತ ಬುತ್ತಿ ಸೇವಾ ಐತಿ.”

“ಆ ಹುಡುಗರನ್ನ ಒಂದ ಮಾತು ಕೇಳೀರೇನು, ಅವರಿಗೆ ಈ ಸೇವಾ ಬೇಕೋ ಬ್ಯಾಡೋ ಅಂತ?”

“ಸೇವಾ ಮಾಡಾವ್ರು ಕೇಳಕೋತ ಕುಂದ್ರೂದಿಲ್ಲ!” ಎಂದೆ. ಬಹಳ ಒಳ್ಳೆಯ ಮಾತು ಹೇಳಿದೆ ಎಂದು ಆಗ ಅನಿಸಿತ್ತು.

ನನ್ನ ಸ್ನೇಹಿತನ ಟಂಟಂ ರಿಕ್ಷಾದಲ್ಲಿ ದೊಡ್ಡ ಪ್ಲಾಸ್ಟಿಕ್ ಬುಟ್ಟಿ ಹೇರಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸುಗಳು ಒಂದಾದ ಮೇಲೊಂದು ಬಂದವು. ಪ್ರತಿ ಬಸ್ಸನ್ನೂ ಹತ್ತಿ, ಡ್ರೈವರನ ಪಕ್ಕದಲ್ಲಿದ್ದ ಗಂಟುಗಳನ್ನೆಲ್ಲ ಎತ್ತಿ ಬುಟ್ಟಿಗೆ ತುಂಬಿದೆ. ಗಲಗಲಿ ಬಸ್ಸಿನ ಡ್ರೈವರ್ ಚಹಾ ಕುಡಿಯಲು ಇಳಿದಿದ್ದ. ಅವನಿಗೇಕೆ ತೊಂದರೆ ಎಂದು ಅಲ್ಲಿದ್ದುದನ್ನು ನಾನೇ ಎತ್ತಿಕೊಂಡೆ. ನನ್ನ ಡಬ್ಬಿಯನ್ನೂ ಅದೇ ಬುಟ್ಟಿಯಲ್ಲಿ ಇಟ್ಟೆ. ಎಲ್ಲರೊಳಗೊಂದಾಗುವುದು ದೊಡ್ಡ ಗುಣ.

ಹಾಸ್ಟೆಲಿನ ಊಟದ ಕೋಣೆಯಲ್ಲಿ ಬುಟ್ಟಿ ಇಳಿಸಿ ನೋಡಿದೆ. ಮಾಸಿದ ಸೀರೆ ತುಂಡು, ತೇಪೆ ಹಾಕಿದ ಟವೆಲ್, ಯಾರದೋ ಅಜ್ಜನ ಧೋತರದ ಅಂಚು. ಕಮಿಟಿಯ ಕಣ್ಣಿಗೆ ಇದು ಬಿದ್ದರೆ ಏನೆಂದಾರು? ಆಗ ನನ್ನ ತಲೆಯಲ್ಲಿ ಮದುವೆ ಮನೆಯ ಬಫೆ ಊಟ ಮಿಂಚಿತು. ಎಲ್ಲ ಗಂಟುಗಳನ್ನೂ ಬಿಚ್ಚಿದೆ. ಬಟ್ಟೆಗಳನ್ನು ಮಡಚಿ ಬದಿಗಿಟ್ಟೆ. ರೊಟ್ಟಿಗಳನ್ನೆಲ್ಲ ಒಂದರ ಮೇಲೊಂದು ಒಟ್ಟಿ ಬಿಳಿ ಬಟ್ಟೆ ಹೊದಿಸಿದೆ. ಪಲ್ಯಗಳನ್ನು ದೊಡ್ಡ ಪಾತ್ರೆಗಳಿಗೆ ಸುರಿದೆ. ಶೇಂಗಾ ಹಿಂಡಿಯ ಪುಡಿಯನ್ನು ಒಂದು ಅಗಲ ಪರಾತದಲ್ಲಿ ಗುಡ್ಡೆ ಹಾಕಿದೆ. ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಮಾತ್ರ ಏನು ಮಾಡಿದರೂ ಬಿಚ್ಚಲಿಲ್ಲ, ಉಗುರು ಮುರಿದದ್ದಷ್ಟೇ ಲಾಭ. ಅದನ್ನು ಹಾಗೆಯೇ ಮೂಲೆಗಿಟ್ಟೆ. ದೂರ ನಿಂತು ನೋಡಿದರೆ, ಆಹಾ, ಸಾಕ್ಷಾತ್ ಸ್ವಾಗತ ಸಮಾರಂಭ!

ಆಮೇಲೆ ಬಸುವನ್ನು ಕರೆದು ತೋರಿಸಿದೆ. ಅವನು ಬಿಳಿ ಬಟ್ಟೆ ಸರಿಸಿದ, ರೊಟ್ಟಿಯ ರಾಶಿ ನೋಡಿದ, ನನ್ನ ಮುಖ ನೋಡಿದ.

“ಸರ್... ಬುತ್ತಿ ಬಿಚ್ಚೀರೇನ್ರಿ?”

“ಹೂಂನಪಾ, ಎಲ್ಲಾ ತಯಾರ್! ಯಾಕ?”

“ಮಂದಿ ಬುತ್ತಿ ಬಿಚ್ಚಬಾರದಲ್ರಿ, ಸರ್.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. “ನಮ್ಮ ನಮ್ಮ ಅವ್ವಾರು ಕಟ್ಟಿದ ಗಂಟು ನಾವ ಬಿಚ್ಚೂದ್ರಿ. ಮತ್ತ ತೇರದಾಳದ ಪದ್ಮಶ್ರೀ ಜೈನರಾಕಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನೂದಿಲ್ಲ. ಆಕಿ ಪಲ್ಯ ಇದರಾಗ ಕೂಡಿಸೀರೇನು?”

ನನ್ನ ಕಾಲಡಿಯ ನೆಲ ಬಿಸಿಯಾಯಿತು. ಚಪ್ಪಲಿ ಹಾಕಿಕೊಂಡಿದ್ದರೂ!

ಸುದ್ದಿ ವಾಚನಾಲಯಕ್ಕೆ ಹೋಯಿತು. ಎಲ್ಲ ಮಕ್ಕಳೂ ಎದ್ದು ಓಡಿ ಬಂದರು. ಎಲ್ಲರೂ ಎಂದರೆ ಎಲ್ಲರೂ. ಯಾವ ಕುರ್ಚಿಗಳು ಖಾಲಿಯಾಗಬಾರದೆಂದು ನಾನು ಬಿಸಿಲಲ್ಲಿ ಬೆಂದು ಬಂದಿದ್ದೆನೋ ಅವನ್ನು ನಾನೇ ಒಂದೇ ಏಟಿಗೆ ಖಾಲಿ ಮಾಡಿಸಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಕಮಿಟಿಯ ಕಾರು ಒಳಗೆ ಬಂತು.

ನಾನು ಬಸುವಿಗೆ ಪಿಸುಗುಟ್ಟಿದೆ: “ದಿನಾ ಹೆಂಗೂ ಈ ಹೊತ್ತಿಗೆ ನೀವು ಬಸ್ ಸ್ಟ್ಯಾಂಡಿಗೆ ಎದ್ದು ಹೋಗತಿದ್ರೆಲ್ಲ...”

“ಇಲ್ರಿ ಸರ್. ಪಾಳಿ ಮ್ಯಾಲ ಒಬ್ಬೊಬ್ಬರ ಹೋಗತೇವಿ. ಅವರ ಎಲ್ಲಾರ್ದೂ ತರತಾರ. ಉಳದಾವ್ರು ಓದಕೋತ ಕುಂತಿರತಾರ. ಮೊನ್ನಿ ನನ್ನ ಪಾಳಿ ಇತ್ತು.”

“ಮೊದಲ ಹೇಳಬಾರದೇನಲೇ?”

“ನೀವು ಕೇಳಲಿಲ್ರಿ.”

ಗಿರಿಜಾಳ ಮುಖ ಕಣ್ಣ ಮುಂದೆ ಬಂದು ಹೋಯಿತು.

ಕಮಿಟಿಯ ಮುಖ್ಯಸ್ಥೆ ಬೆಳ್ಳಿ ಕೂದಲಿನ, ಕಡಿಮೆ ನಗುವ ಮೇಡಂ. ಪ್ರಾಚಾರ್ಯರು ಅವರನ್ನು ವಾಚನಾಲಯಕ್ಕೆ ಕರೆದೊಯ್ದರು. ಎರಡು ಕೂಲರ್‌ಗಳು ಖಾಲಿ ಕುರ್ಚಿಗಳಿಗೆ ಭಕ್ತಿಯಿಂದ ಗಾಳಿ ಬೀಸುತ್ತಿದ್ದವು. ಅಲ್ಲಿಂದ ಗದ್ದಲ ಕೇಳಿದ ಕಡೆಗೆ, ಅಂದರೆ ನಮ್ಮ ಕಡೆಗೆ, ಎಲ್ಲರೂ ಬಂದರು. ಪ್ರಾಚಾರ್ಯರು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಮಕ್ಕಳು ಓದುವ ಪುಸ್ತಕದಲ್ಲಿ ಅಂಥ ಮಾತು ಬರಬಾರದು.

ಆಗ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸುನಂದಾ ರಾಶಿಯ ಮುಂದೆ ಕೂತು, ಮೇಲಿನ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. “ಇದು ಬಸುನ ಅವ್ವಂದು. ಅವರ ಹಂಚು ನಡುವ ತಗ್ಗೈತಿ, ನೋಡ್ರಿ, ಇಲ್ಲೆ ಕರೀ ಚುಕ್ಕಿ.”

ಬಸು ಇನ್ನೊಂದು ಎತ್ತಿದ. “ಇದು ರಬಕವಿ ಹುಡುಗನ ಅವ್ವ, ಕಾಕುಂದು. ಮಗ್ಗದ ಮ್ಯಾಲ ಕೈ ಆಡಿಸಿದಾಕಿ, ಅಂಚು ದಾರ ಹಿಡದಂಗ ಬಡೀತಾಳ.”

ಪದ್ಮಶ್ರೀ ತನ್ನ ತಾಯಿಯ ರೊಟ್ಟಿಯನ್ನು ಮುಟ್ಟಿಯೇ ಗುರುತಿಸಿದಳು. ಕಾಗದದಷ್ಟು ತೆಳು. ಮೂಲೆಯಲ್ಲಿದ್ದ ಬಿಚ್ಚಲಾಗದ ಡಬ್ಬಿ ಅವಳದೇ ಆಗಿತ್ತು! ಅವಳು ಹೆಬ್ಬೆರಳಿಂದ ಹಗುರವಾಗಿ ಒತ್ತಿದಳು, ಮುಚ್ಚಳ ಟಪ್ಪೆಂದು ತೆರೆಯಿತು. ಆ ಡಬ್ಬಿ ಮಾಡಿದವನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಒಬ್ಬರೂ ನನ್ನನ್ನು ಬೈಯಲಿಲ್ಲ. ಒಂದೇ ಸಾಲಿನಲ್ಲಿ ಕೂತು, ಒಬ್ಬರ ತಾಯಿಯ ರೊಟ್ಟಿಯನ್ನು ಇನ್ನೊಬ್ಬರು ಗುರುತಿಸಿ ಕೈಗೆ ಕೊಡುತ್ತಿದ್ದರು. ತಿಂಗಳುಗಟ್ಟಲೆ ಕೂಡಿ ಉಂಡವರಿಗೆ ಮಾತ್ರ ಬರುವ ವಿದ್ಯೆ ಅದು. ನನ್ನ ಪಾಠದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಅಷ್ಟರಲ್ಲಿ ಗೇಟಿನ ಹೊರಗೆ ಹಾರ್ನ್ ಕೇಳಿತು. ಗಲಗಲಿ ಬಸ್ಸು! ಕಿಟಕಿ ತುಂಬ ಪ್ರಯಾಣಿಕರ ತಲೆಗಳು. ಡ್ರೈವರ್ ಬಿರಬಿರನೆ ಒಳಗೆ ಬಂದ.

“ಯಾರ್ರೀ ನನ್ನ ಬುತ್ತಿ ಎತಗೊಂಡ ಬಂದಾವ್ರು?”

ಮೂವರು ಕಮಿಟಿ ಸದಸ್ಯರೂ, ಪ್ರಾಚಾರ್ಯರೂ, ಒಂದು ಬಸ್ಸಿನ ಮಂದಿಯೂ ನನ್ನ ಕಡೆ ತಿರುಗಿದರು. ಡ್ರೈವರ್ ಮಾತ್ರ ರಾಶಿಗೆ ಕೈ ಹಾಕಿ ಸಣ್ಣ ಸಣ್ಣ ರೊಟ್ಟಿ ಆರಿಸಿಕೊಂಡ. “ಬಸ್ ನಿಲ್ಲೂದು ಚೂರ ಹೊತ್ತು, ಲಗೂನ ತಿನ್ನಾಕ ಬರ್ಲಿ ಅಂತ ನಮ್ಮಾಕಿ ಸಣ್ಣು ಬಡೀತಾಳ್ರಿ,” ಎಂದ. ಹೇಳುವಾಗ ಅವನ ಸಿಟ್ಟು ಅರ್ಧ ಇಳಿದಿತ್ತು.

ಇದರ ನಡುವೆ ನಾನೂ ಒಂದು ರೊಟ್ಟಿ ಎತ್ತಿಕೊಂಡು ಮುರಿದು ತಿನ್ನತೊಡಗಿದ್ದೆ. ದುಂಡಗೆ, ಮೆತ್ತಗೆ, ಹಾಲಿನಂತೆ ಬೆಳ್ಳಗೆ. ಇವತ್ತು ನನ್ನ ಕೈ ಎಷ್ಟು ಚೆನ್ನಾಗಿ ಕೂತಿದೆ ಎಂದುಕೊಂಡೆ. ಕೊನೆಗೆ ತಳದಲ್ಲಿ ಮೂರು ರೊಟ್ಟಿ ಉಳಿದವು. ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚು ಹರಿದು ನಾಲ್ಕು ದಿಕ್ಕಿಗೆ ಹೋಗಿತ್ತು. ಯಾರೂ ಮುಟ್ಟಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಕಮಿಟಿಯ ಮುಂದೆ ಕಳೆದ ಮಾನವನ್ನು ಗಳಿಸಲು ಇದೇ ಸಮಯ ಎಂದೂ ಅನಿಸಿತು.

“ಮಕ್ಕಳೇ,” ಎಂದು ಗಂಟಲು ಸರಿಮಾಡಿಕೊಂಡೆ. “ಇವು ಯಾರವೇ ಇರಲಿ, ನಾಚಿಕೊಳ್ಳಬೇಡಿ. ಈ ತಾಯಿಗೆ ಕೈನೋವು ಇರಬೇಕು. ಅಂಥ ನೋವಿನಲ್ಲೂ, ಕೈ ಎತ್ತಲಾಗದಿದ್ದರೂ, ಮಗು ಉಪವಾಸ ಇರಬಾರದೆಂದು ಬಡಿದು ಕಳಿಸಿದ್ದಾಳೆ. ಆ ಮಹಾತಾಯಿಗೆ ನನ್ನ ನಮಸ್ಕಾರ!”

ಮೇಡಂ ಕೂಡ ತಲೆದೂಗಿದರು. ಸುನಂದಾ ಬಹಳ ಮೆಲ್ಲಗೆ ಹೇಳಿದಳು.

“ಸರ್, ಎಲ್ಲಾರ್ದೂ ಸಿಕ್ಕಾವ್ರಿ. ಇವು ನಿಮ್ಮವು. ನಿಮ್ಮ ಕೈಯಾಗಿಂದು ನಮ್ಮವ್ವಂದು.”

ಮೊದಲು ನಕ್ಕವರು ಮೇಡಂ. ಕಡಿಮೆ ನಗುವವರು ನಕ್ಕರೆ ಬೇಗ ನಿಲ್ಲುವುದಿಲ್ಲ. ಕಣ್ಣೊರೆಸಿಕೊಂಡು ಪ್ರಾಚಾರ್ಯರಿಗೆ ಹೇಳಿದರು: “ಕುರ್ಚಿ ಖಾಲಿ ಇದ್ದಿದ್ದು ಖರೆ. ಆದ್ರ ಒಂದ ಪುಸ್ತಕಾನೂ ಮುಚ್ಚಿದ್ದಿಲ್ಲ, ಎಲ್ಲಾ ತೆರದ ಬಿಟ್ಟು ಓಡಿ ಬಂದಾರ. ನಾನೂ ಬಸ್ಸಿನ ಬುತ್ತಿ ಉಂಡು ಓದಿದಾಕೀನ. ವಾಚನಾಲಯ ನಡೀಲಿ.” ಆಮೇಲೆ ನನ್ನ ಕಡೆ ನೋಡಿದರು. “ಬುತ್ತಿ ಕೆಲಸ ಮಾತ್ರ ಹುಡುಗರಿಗೇ ಬಿಡ್ರಿ.”

ಸುನಂದಾ ಅಂದು ಊಟ ಮುಗಿಸಿ ಎಲ್ಲರಿಗಿಂತ ಮೊದಲು ತನ್ನ ಕುರ್ಚಿಗೆ ಹೋಗಿ ಕೂತಳು. ನಾನು ನನ್ನ ಮೂರು ರೊಟ್ಟಿಯ ಮುಂದೆ ಕೂತೆ.

ಸಂಜೆ ಗಿರಿಜಾ ಮುಧೋಳದಿಂದ ಬಂದವಳು ಬಾಗಿಲಲ್ಲೇ ಕೇಳಿದಳು. “ರೀ, ಮಹಾತಾಯೀ, ಕೈನೋವು ಹೆಂಗೈತಿ?” ಸುದ್ದಿ ಅವಳಿಗಿಂತ ಮೊದಲು ಬಸ್ಸು ಹತ್ತಿತ್ತು!

ಮರುದಿನ ಪಾಳಿಯ ಹುಡುಗ ಬುತ್ತಿಗಳ ಜೊತೆ ಒಂದು ಹೆಚ್ಚಿನ ಗಂಟು ತಂದು ನನ್ನ ಮೇಜಿನ ಮೇಲಿಟ್ಟ. ಹಸಿರು ಸೀರೆಯ ತುಂಡು, ಬಿಗಿಯಾದ ಗಂಟು. “ಸುನಂದಾನ ಅವ್ವ ಕೊಟ್ಟಾರಂತ್ರಿ ಸರ್. ‘ಕೈನೋವಿನ ಸರ್‌ಗ ಮುಟ್ಟಸ್ರಿ’ ಅಂದ್ರಂತ.”

ಆ ಗಂಟನ್ನು ಮನೆಗೆ ಒಯ್ದೆ. ನನ್ನ ಹೆಸರಿಗೆ ಬಂದ ಬುತ್ತಿ, ನಾನೇ ಬಿಚ್ಚಿದೆ. ಗಿರಿಜಾ ಬಿಳಿ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿಕೊಂಡು, ಕಣ್ಣು ಮುಚ್ಚಿ ಒಂದು ತುತ್ತು ತಿಂದಳು. ಇಷ್ಟು ವರ್ಷ ನನ್ನ ರೊಟ್ಟಿ ತಿನ್ನುವಾಗ ಅವಳು ಕಣ್ಣು ಮುಚ್ಚಿದ್ದಕ್ಕೂ ಇದಕ್ಕೂ ವ್ಯತ್ಯಾಸ ನನಗೆ ಅಂದೇ ಗೊತ್ತಾದದ್ದು.

“ರೀ,” ಎಂದಳು, “ಆ ಕೈನೋವು ಈ ಬ್ಯಾಸಗಿ ಮುಗಿಯೂತನಕ ಆರಾಮ ಆಗೂದು ಬ್ಯಾಡ್ರಿ.”