ಮುದ್ದೆಗೆ ಮೂರು ದೀಪ

ಸಿನಿಮಾ ಲೈಟಿಂಗ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಎದುರಿಗೊಂದು ದೀಪ, ಪಕ್ಕಕ್ಕೊಂದು, ಬೆನ್ನ ಹಿಂದೊಂದು. ಬೊಮ್ಮಸಂದ್ರದ ಔಷಧ ಕಂಪನಿಗೆ ಹೋಗುವ ಬಸ್ಸಿನಲ್ಲಿ ಕೂತು, ಒಂದು ವಾರ ಮೊಬೈಲಿನಲ್ಲಿ ಪಾಠ ನೋಡಿದ ಮೇಲೆ ನನಗೆ ಹೀಗನ್ನುವ ಧೈರ್ಯ ಬಂದಿತ್ತು.

ಅದೇ ವಾರ ನನ್ನ ಹೆಂಡತಿ ಸುಧಾ ಟಿವಿ ಅಡುಗೆ ಸ್ಪರ್ಧೆಗೆ ಮುದ್ದೆ, ಬಸ್ಸಾರಿನ ವಿಡಿಯೋ ಕಳಿಸಲು ಹೊರಟಳು. ಟಿವಿಯಲ್ಲಿ ಅಡುಗೆ ಮಾಡಬೇಕೆಂಬುದು ಮದುವೆಗೆ ಮುಂಚಿನಿಂದಲೂ ಅವಳ ಆಸೆ. ಭಾನುವಾರ ಸಂಜೆಯೇ ಕೊನೆಯ ಗಡುವು.

"ಸುಮ್ನೆ ಮೊಬೈಲಲ್ಲಿ ಹಿಡೀರಿ, ಸಾಕು," ಅಂದಳು.

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ," ಎಂದು, ಬೆಳಕಿನ ವಿಭಾಗದ ಸಂಪೂರ್ಣ ಹೊಣೆಯನ್ನು ನಾನೇ ವಹಿಸಿಕೊಂಡಿರುವುದಾಗಿ ಘೋಷಿಸಿದೆ.

ಭಾನುವಾರ ಮಧ್ಯಾಹ್ನ ಶಾಮಿಯಾನದ ಅಂಗಡಿಯಿಂದ ಮದುವೆಗೆ ಕಟ್ಟುವ ಮೂರು ಹ್ಯಾಲೋಜನ್ ದೀಪ ತಂದೆ. ಸೂರ್ಯನ ಬೆಳಕು ನನ್ನ ಶಿಸ್ತಿಗೆ ಒಗ್ಗುವುದಿಲ್ಲವಾದ್ದರಿಂದ ಅಡುಗೆಮನೆ ಕಿಟಕಿಗೆ ಕಂಬಳಿ ಕಟ್ಟಿದೆ.

ಮೊದಲ ದೀಪಕ್ಕೆ ಸುಧಾ ಕಣ್ಣು ಮುಚ್ಚಿಕೊಂಡಳು. ಎರಡನೆಯದಕ್ಕೆ ಮುಖದ ಪೌಡರ್ ಇಳಿಯಿತು. ನಾನು ದೀಪವನ್ನು ಅತ್ತ ಇತ್ತ ತಿರುಗಿಸಿ ಕೋನ ಸರಿಮಾಡುವಷ್ಟರಲ್ಲಿ ತಟ್ಟೆಯಲ್ಲಿದ್ದ ಮುದ್ದೆ ಒಣಗಿ ಬಿರುಕುಬಿಟ್ಟಿತು.

"ಇನ್ನೊಂದು ಕಟ್ಟು," ಅಂದೆ. ಕಟ್ಟಿದಳು. ಅದೂ ಬಿರಿಯಿತು. ಡಬ್ಬದಲ್ಲಿ ಇನ್ನೊಂದೇ ಮುದ್ದೆಗಾಗುವಷ್ಟು ಹಿಟ್ಟು ಉಳಿಯಿತು.

"ಬೆನ್ನ ದೀಪ ಇಲ್ಲದಿರೋದೇ ದೋಷ," ಎಂದು ಮೂರನೆಯದನ್ನೂ ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಢಬ್! ಅಡುಗೆಮನೆಯೆಲ್ಲ ಕತ್ತಲು.

ಕೆಳಗಿನ ಮನೆಯಿಂದ ಓನರ್ ಮುನಿಯಮ್ಮನವರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ನಮ್ ಕರೆಂಟೂ ಓಯ್ತಲ್ಲಪ್ಪ. ಯಾರ್ ಮದ್ವೆ ಮಾಡ್ತಿದ್ದೀಯ ಇಲ್ಲಿ?"

ನಾನು ಲೋಡಿನ ಲೆಕ್ಕಾಚಾರ ವಿವರಿಸಲು ಹೊರಟೆ. ಪಕ್ಕದಲ್ಲಿ ಸುಧಾ ಅಳುತ್ತಿದ್ದಳು. ಲೆಕ್ಕ ಅಲ್ಲಿಗೇ ಬಿಟ್ಟು ದೀಪಗಳ ಪ್ಲಗ್ ಕಿತ್ತೆ.

ಮುನಿಯಮ್ಮ ಕಂಬಳಿ ಕಿತ್ತೆಸೆದರು. ಇಳಿಬಿಸಿಲು ಒಲೆಯ ಮೇಲೆ ಬಿತ್ತು. "ಫೋನ್ ಇಲ್ಕೊಡು. ನೀನು ಕಟ್ಟವ್ವ ಮುದ್ದೆ," ಅಂದರು. ಮೊಮ್ಮಕ್ಕಳ ಕುಣಿತವನ್ನೆಲ್ಲ ಹಿಡಿದು ಪಳಗಿದ ಕೈ ಅದು. ಸುಧಾ ಕಣ್ಣೊರೆಸಿಕೊಂಡು ಉಳಿದ ಹಿಟ್ಟಿನಲ್ಲಿ ಮುದ್ದೆ ತೊಳಸಿದಳು. ಸುಮ್ಮನಿರಲಾರದೆ ನಾನೂ ಬೆಳಕು ಪ್ರತಿಫಲಿಸಲೆಂದು ಥರ್ಮೋಕೋಲ್ ಹಿಡಿದು ಕಿಟಕಿಯ ಬಳಿ ನಿಂತೆ. ಗಡುವಿನೊಳಗೆ ವಿಡಿಯೋ ಹೋಯಿತು.

ಮುಂದಿನ ವಾರ ಚಾನೆಲ್‌ನಿಂದ ಫೋನ್ ಬಂತು. ಸುಧಾ ಸ್ಪೀಕರ್ ಹಾಕಿದಳು.

"ನೀವು ಸೆಲೆಕ್ಟ್ ಆಗಿದ್ದೀರಿ ಮೇಡಂ. ಬೆಳಕಂತೂ ಸಕ್ಕತ್ತಾಗಿದೆ," ಅಂದರು. ನಾನು ಕಾಲರ್ ಸರಿಮಾಡಿಕೊಂಡೆ. "ಆದ್ರೆ ಮಧ್ಯೆ ಮಧ್ಯೆ ಮುದ್ದೆ ಮೇಲೆ ಏನೋ ದೊಡ್ಡ ನೆರಳು ಬೀಳ್ತಿತ್ತಲ್ಲ, ಏನದು?"

"ನಮ್ಮನೆಯವ್ರು ಸಾರ್," ಅಂದಳು ಸುಧಾ. "ಶೂಟಿಂಗ್ ದಿನ ಮನೇಲೇ ಬಿಟ್ಟು ಬರ್ತೀನಿ."