ನಾನು ಎಣಿಸಿದ ಎಂಬತ್ತನಾಲ್ಕು

ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಎಣಿಸಿ ಹಾಳೆಯಲ್ಲಿ ಬರೆಯುವುದು. ಇಷ್ಟೇ ಕೆಲಸ. ಇದನ್ನು ಹೇಳಿಕೊಡಲು ಒಂದು ದಿನ ಧಾರಾಳವಾಗಿ ಸಾಕು ಎಂದು ನಂಬಿ, ತಿಪಟೂರಿನಲ್ಲಿ ಬಸ್ಸು ಹತ್ತಿ ಪಕ್ಕದ ಊರಿನ ಆಸ್ಪತ್ರೆಗೆ ಹೋದೆ. ನಾನು ನರ್ಸುಗಳಿಗೆ ತರಬೇತಿ ಕೊಡುವವಳು. ಹನ್ನೆರಡು ವರ್ಷದ ಅನುಭವ!

ಅಲ್ಲಿನ ಹೆರಿಗೆ ವಾರ್ಡಿನ ಹಾಳೆಗಳಲ್ಲಿ ಒಬ್ಬರು ಬಡಿತದ ಸಂಖ್ಯೆ ಬರೆದಿದ್ದರೆ, ಇನ್ನೊಬ್ಬರು 'ಚೆನ್ನಾಗಿದೆ' ಎಂದಿದ್ದರು. ಮತ್ತೊಬ್ಬರು ಬರೀ ರೈಟ್ ಮಾರ್ಕ್ ಹಾಕಿದ್ದರು. ಎಲ್ಲರೂ ಒಂದೇ ಥರ ಬರೆಯಲೆಂದು ನಾನು ಆರು ಕಾಲಂಗಳ ನಮೂನೆ ತಯಾರಿಸಿದ್ದೆ. ಒಂದು ಗಂಟೆ ಭಾಷಣವನ್ನೂ ಬಿಗಿದೆ.

"ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯಿರಿ. ಹಾಳೆ ಬದಲಾಯಿಸುವುದು ಮಹಾಪರಾಧ!"

ಹಿರಿಯ ನರ್ಸ್ ಜಯಮ್ಮ ಕೈಕಟ್ಟಿಕೊಂಡು ಕೇಳಿಸಿಕೊಂಡರು. ಹೊಸದಾಗಿ ಸೇರಿದ್ದ ಶ್ವೇತಾ ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲೆ ಪ್ರಾತ್ಯಕ್ಷಿಕೆ. ಆಗತಾನೇ ನೋವು ಶುರುವಾಗಿದ್ದ ಕವಿತಾ ಒಪ್ಪಿದಳು. ಪಕ್ಕದಲ್ಲಿ ಅವಳ ಅತ್ತೆ ಗಂಗಮ್ಮ. ನಾನು ಬಡಿತ ಕೇಳಿಸುವ ಡಾಪ್ಲರ್ ಯಂತ್ರವನ್ನು ಹೊಟ್ಟೆಯ ಮೇಲಿಟ್ಟು, ಗಡಿಯಾರ ನೋಡುತ್ತಾ ಎಣಿಸಿದೆ. ಎಂಬತ್ತನಾಲ್ಕು!

ಮಗುವಿನದು ನಿಮಿಷಕ್ಕೆ ನೂರಹತ್ತಕ್ಕಿಂತ ಕೆಳಗೆ ಇಳಿಯಬಾರದು. ನಾನು ಕೂಗಿಕೊಂಡೆ.

"ಡಾಕ್ಟರನ್ನು ಕರೆಯಿರಿ! ಆಂಬ್ಯುಲೆನ್ಸ್ ರೆಡಿ ಮಾಡಿ!"

"ನಮ್ ಮಗೀಗೆ ಏನಾಯ್ತವ್ವಾ?" ಗಂಗಮ್ಮ ನನ್ನ ತೋಳು ಹಿಡಿದರು. ಕವಿತಾ ಅಳತೊಡಗಿದಳು. ಹೊರರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ಓಡಿ ಬಂದರು. ಅವರ ಹಿಂದೆಯೇ, ಅರ್ಧ ಬರೆದ ಚೀಟಿ ಹಿಡಿದು ಮಂಡಿನೋವಿನ ಅಜ್ಜರೊಬ್ಬರೂ ಓಡಿ ಬಂದರು!

ಜಯಮ್ಮ ಮಾತ್ರ ಓಡಲಿಲ್ಲ. ಕವಿತಾಳ ಮಣಿಕಟ್ಟು ಹಿಡಿದು, ಯಂತ್ರದ ಸದ್ದಿಗೆ ಕಿವಿಗೊಟ್ಟರು.

"ಮೇಡಂ, ಎರಡೂ ಒಟ್ಟೊಟ್ಟಿಗೇ ಬಡೀತಾವೆ. ಇದು ತಾಯಿ ನಾಡಿ ಕಣ್ರೀ. ಮಗೀನ ಬೆನ್ನು ಆ ಕಡೆಗಿರ್ಬೇಕು, ಬಡಿತ ಅಲ್ಲೇ ಕೇಳ್ಸೋದು. ಕೊಡಿ ಇಲ್ಲಿ."

ಹೊಟ್ಟೆ ಮುಟ್ಟಿ ನೋಡಿ, ಯಂತ್ರವನ್ನು ನಾಲ್ಕು ಬೆರಳು ಆಚೆ ಸರಿಸಿದರು. ಟಕಟಕಟಕ ಸದ್ದು ವಾರ್ಡನ್ನೆಲ್ಲ ತುಂಬಿತು. ನೂರನಲವತ್ತೆರಡು!

ಮೊದಲು ಮಗು ಮಲಗಿರುವ ಬಗೆ ನೋಡಬೇಕು, ತಾಯಿಯ ನಾಡಿ ಹಿಡಿಯಬೇಕು. ಪಾಠ ಹೇಳುವ ಉತ್ಸಾಹದಲ್ಲಿ ಎರಡನ್ನೂ ಮರೆತಿದ್ದೆ. ಕವಿತಾಳ ಕ್ಷಮೆ ಕೇಳಿದೆ. ಡಾಕ್ಟರ್ ತಮ್ಮ ಕೋಣೆಗೆ ಹೊರಟರು. ಅಜ್ಜ ಈ ಸಲ ಕುಂಟುತ್ತಾ ಹಿಂಬಾಲಿಸಿದರು.

"ಮೇಡಂ, ಹಾಳೇಲಿ ಎಂಬತ್ನಾಲ್ಕು ಅಂತ ಬರ್ದ್ಬಿಟ್ಟಿದೀನಿ. ಏನ್ ಮಾಡ್ಲಿ?" ಶ್ವೇತಾ ಕೇಳಿದಳು.

"ಹೊಸ ಹಾಳೆ ತಗೋಮ್ಮ."

ಅಂದ ಮೇಲೆ ಗೊತ್ತಾಯಿತು, ಏನಂದೆನೆಂದು! ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಕೊನೆಗೆ ಅದೇ ಹಾಳೆಯಲ್ಲಿ, 'ತಾಯಿಯ ನಾಡಿಯನ್ನು ಮಗುವಿನದೆಂದು ಎಣಿಸಲಾಗಿದೆ' ಎಂದು ನಾನೇ ಬರೆದು, ಸಮಯ ಹಾಕಿ, 'ಎಣಿಸಿದವರು' ಎಂಬ ಕಾಲಮ್ಮಿನಲ್ಲಿ ಸಹಿ ಮಾಡಿದೆ. ಆ ಕಾಲಂ ಇರಲೇಬೇಕೆಂದು ಹಟ ಹಿಡಿದವಳೂ ನಾನೇ! ತಾಯಿಯ ನಾಡಿಗೆಂದು ಏಳನೆಯ ಕಾಲಮ್ಮಿನ ಗೆರೆ ಎಳೆದವರು ಜಯಮ್ಮ.

ಸಂಜೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ. ನನ್ನ ಎದೆಬಡಿತವೂ ಆಮೇಲೆಯೇ ಹತೋಟಿಗೆ ಬಂದದ್ದು. ಕೆಂಕೆರೆಯಿಂದ ಬಂದ ತಂಗಿಗೆ ಗಂಗಮ್ಮ ನಮ್ಮನ್ನೆಲ್ಲ ತೋರಿಸಿದರು.

"ಇವ್ರೇ ಕಣೇ ಜಯಮ್ಮೋರು, ಹೆರಿಗೆ ಮಾಡಿಸಿದೋರು."

ನಂತರ ನನ್ನತ್ತ ಕೈ ತೋರಿಸಿ, ದನಿ ತಗ್ಗಿಸಿದರು.

"ಇವ್ರು ತಿಪಟೂರಿಂದ ಟ್ರೈನಿಂಗಿಗೆ ಬಂದವ್ರೆ. ಪಾಪ, ಕಲೀತಾರೆ ಬುಡು."

ನಾನು ಅಕ್ಕತಂಗಿಯರಿಬ್ಬರಿಗೂ ನಮಸ್ಕಾರ ಮಾಡಿದೆ.