ಎರಡು ಗಂಟೆಯ ದಾರಿ

ಟೈಲರಮ್ಮನಿಗೆ ಅಕ್ಕನ ಜೊತೆ ಇಬ್ಬರೇ ಕೂತು ಮಾತಾಡಬೇಕಿತ್ತು. ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದ.

ಅವಳು ಪರದೇಶಕ್ಕೆ ಬಂದು ಹದಿನೆಂಟು ವರ್ಷವಾದ ಮೇಲೆ ಅಕ್ಕ ಮೊದಲ ಸಲ ಬರುತ್ತಿದ್ದಳು. ಅಮ್ಮ ತೀರಿಕೊಂಡಾಗ ವೀಸಾ ಕಾಗದ ಕಚೇರಿಯಲ್ಲಿ ಸಿಕ್ಕಿಕೊಂಡು ಟೈಲರಮ್ಮನಿಗೆ ಊರಿಗೆ ಹೋಗಲಾಗಿರಲಿಲ್ಲ. ಕೊನೆಯ ದಿನಗಳಲ್ಲಿ ಅಮ್ಮ ಏನಂದಳು, ತನ್ನನ್ನು ಕೇಳಿದಳೇ ಎಂದು ಫೋನಿನಲ್ಲಿ ವಿಚಾರಿಸೋಣವೆಂದರೆ ಆ ಕಡೆ ಭಾವ, ಈ ಕಡೆ ಅತ್ತೆ, ಎರಡೂ ಕಡೆ ಸ್ಪೀಕರ್. ಮನೆಯೋ ಎರಡೇ ಕೋಣೆ. ಒಂದರಲ್ಲಿ ಅತ್ತೆ ಕೆಮ್ಮಿದರೆ ಇನ್ನೊಂದರಲ್ಲಿ ಅವಳು ಹೊಲಿದ ರವಿಕೆ ತೊಡಿಸಿಟ್ಟ ಗೊಂಬೆಯೂ ಬೆಚ್ಚುತ್ತಿತ್ತು. ವಿಮಾನ ನಿಲ್ದಾಣದಿಂದ ಮನೆಗೆ ಎರಡು ಗಂಟೆಯ ದಾರಿ. ಇಬ್ಬರೇ ಇರಲು ಉಳಿದದ್ದು ಅದೊಂದೇ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಕಾರು ಮನೆಯಲ್ಲೇ ಇತ್ತು. ತಾನೇ ಓಡಿಸಬೇಕು.

ಊರಿನಿಂದ ತಂದಿದ್ದ ಅವಳ ಲೈಸೆನ್ಸನ್ನು ಇಲ್ಲಿನ ಕಚೇರಿ ಎಂದೋ ತಳ್ಳಿಹಾಕಿತ್ತು. ಹೊಸದಾಗಿ ಪರೀಕ್ಷೆ ಕೊಡಬೇಕು. ಸಿಕ್ಕ ದಿನ, ಅಕ್ಕ ಬರುವ ದಿನವೇ ಬೆಳಿಗ್ಗೆ.

ಕೆಳಮನೆಯ ತೆರಿಗೆ ಮಾವ ಹಲ್ಲುಜ್ಜುತ್ತಲೇ ಬಂದರು. ಊರ ಕಡೆಯಿಂದ ಬಂದವರಿಗೆಲ್ಲ ತೆರಿಗೆಯ ಲೆಕ್ಕ ಬರೆದುಕೊಡುತ್ತಿದ್ದುದರಿಂದ ಅವರಿಗೆ ಆ ಹೆಸರು.

"ಪರೀಕ್ಷೆ ಮಾಡೋರ ಹತ್ರ ಬಾಯಿ ಬಿಡ್ಬೇಡಮ್ಮ. ತೆರಿಗೆಯೋರೂ ಅಷ್ಟೆ, ಇವ್ರೂ ಅಷ್ಟೆ, ಮಾತಾಡಿದ್ರೆ ಹಿಡೀತಾರೆ."

"ಮಾತಾಡ್ದೆ ಇದ್ರೆ ಜಂಬ ಅಂದ್ಕೋತಾರೆ. ನಗ್ತಾ ಇರು," ಎಂದರು ಮಾವನ ಹೆಂಡತಿ.

ಹೀಗಾಗಿ ಟೈಲರಮ್ಮ ಬಾಯಿ ಬಿಗಿದುಕೊಂಡು ನಗುತ್ತ, ಹಲ್ಲುನೋವಿನವಳಂತೆ ಪರೀಕ್ಷೆಗೆ ಹೋದಳು.

ಪರೀಕ್ಷಕಿಯದು ಇಸ್ತ್ರಿ ಹಾಕಿದಂಥ ಮುಖ. "ಎಡಕ್ಕೆ ತಿರುಗಿ" ಎಂದಳು. ಇಲ್ಲಿನ ಕಾರುಗಳಲ್ಲಿ ಎಲ್ಲವೂ ಊರಿನದಕ್ಕೆ ತಿರುಗುಮುರುಗು. ಸಿಗ್ನಲ್ ಹಾಕಲು ಹೋದರೆ ವೈಪರ್ ಎದ್ದು ಒಣಗಾಜನ್ನು ಕಿರ್ರೆಂದು ಒರೆಸಿತು. ಬಲಕ್ಕೆ ಎಂದಾಗಲೂ ಅದೇ ಕತೆ.

"ಮಳೆ ಬರ್ತಿದೆಯಾ?"

ಟೈಲರಮ್ಮ ನಕ್ಕಳು.

"ಈ ದೇಶಕ್ಕೆ ಬಂದು ಎಷ್ಟು ದಿನ ಆಯ್ತು?"

ಬಾಯಿ ಬಿಡಲೇಬೇಕಾಯಿತು. "ಹದಿನೆಂಟು ವರ್ಷ."

ಪರೀಕ್ಷಕಿ ಏನೋ ಬರೆದುಕೊಂಡಳು. ಮೈಯೆಲ್ಲ ಇಲ್ಲಿಗೆ ಬಂದರೂ ಕೈಗಳೆರಡು ಇನ್ನೂ ಊರಲ್ಲೇ ಉಳಿದಿವೆ ಎಂಬುದನ್ನು ಅವಳಿಗೆ ಹೇಗೆ ಹೇಳುವುದು?

ಫೇಲು.

ಅವಳು ಮನೆ ಮುಟ್ಟುವಷ್ಟರಲ್ಲಿ ಮಾವ ತಮ್ಮ ಕಾರು ತೊಳೆಯುತ್ತಿದ್ದರು. "ನಾವಿಲ್ವಾ? ನಾವೇ ಹೋಗಿ ಕರ್ಕೊಂಡು ಬರೋಣ."

"ಬಸ್ಸಲ್ಲಿ ಹೋಗ್ತೀನಿ ಮಾವ."

"ಪೆಟ್ಟಿಗೆಗಳನ್ನ ಹೊತ್ಕೊಂಡು ಬಸ್ಸಲ್ಲಾ? ಚೆನ್ನಾಗಿರುತ್ತೆ."

ಮಾವನ ಹೆಂಡತಿ ಆಗಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ವಿಮಾನ ನಿಲ್ದಾಣದಲ್ಲಿ ಕಂಡ ಅಕ್ಕನ ತಲೆ ನರೆತಿತ್ತು. ಅಪ್ಪಿಕೊಂಡಾಗ ಅಮ್ಮನದೇ ಸೋಪಿನ ವಾಸನೆ.

"ನಾನೇ ಓಡಿಸ್ಕೊಂಡು ಬರ್ತೀನಿ ಅಂದಿದ್ಯಲ್ಲೇ ಪುಟ್ಟಿ?"

"ಫೇಲಾದೆ ಕಣೇ."

ಅಕ್ಕ ಕೈಚೀಲ ತಡಕಿ ತನ್ನ ಲೈಸೆನ್ಸು ತೆಗೆದಳು. "ನಂದಿದೆ. ಹೊರದೇಶದ ಪರ್ಮಿಟ್ಟೂ ಮಾಡಿಸ್ಕೊಂಡೇ ಬಂದೆ. ನಡೆಯುತ್ತಾ?"

ಮಾವ ಕನ್ನಡಕ ಏರಿಸಿ ಓದಿದರು. ಮುಖ ಅರಳಿತು. "ಧಾರಾಳವಾಗಿ. ನೋಡೋಕೆ ಬಂದೋರು ಓಡಿಸ್ಬಹುದು. ಹದಿನೆಂಟು ವರ್ಷದಿಂದ ಇಲ್ಲೇ ಇರೋರು ಓಡಿಸೋ ಹಾಗಿಲ್ಲ. ಕಾನೂನು ಎಷ್ಟು ಸೊಗಸಾಗಿದೆ ನೋಡು. ತಗೋಮ್ಮ ಕೀಲಿ, ಸಂಜೆಯಾದ್ರೆ ನಂಗೂ ಕಣ್ಣು ಮಂಜು."

ಹೀಗೆ ಅಕ್ಕ ಸ್ಟೀರಿಂಗ್ ಹಿಡಿದಳು. ದಾರಿ ತೋರಿಸಲು ಪಕ್ಕದಲ್ಲಿ ಮಾವ. ಹಿಂದೆ ಮಾವನ ಹೆಂಡತಿ, ನಡುವೆ ಡಿಕ್ಕಿಯಲ್ಲಿ ಹಿಡಿಸದ ಪೆಟ್ಟಿಗೆ, ಮೂಲೆಯಲ್ಲಿ ಟೈಲರಮ್ಮ. ಇಷ್ಟು ವರ್ಷ ಕಾದದ್ದಕ್ಕೆ ಅವಳಿಗೆ ಅಕ್ಕನ ಜಡೆ ಕಂಡಿತು. ಒಮ್ಮೆ ಕನ್ನಡಿಯಲ್ಲಿ ಅಕ್ಕನ ಕಣ್ಣು ಸಿಕ್ಕಿತು. ಅದರಲ್ಲಿ ಹೇಳುವುದು ಬಹಳ ಇದ್ದಂತಿತ್ತು.

"ರಸ್ತೆ ನೋಡಮ್ಮ," ಎಂದರು ಮಾವ.

ಟೈಲರಮ್ಮ ಮುಂದಕ್ಕೆ ಬಾಗಿ ಪಿಸುಗುಟ್ಟಿದಳು: "ಅಕ್ಕಾ, ಕೊನೇಲಿ ಅಮ್ಮ ನನ್ನ ಕೇಳಿದ್ಲಾ?"

"ಜೋರಾಗಿ ಹೇಳಮ್ಮ, ಅವ್ಳಿಗೆ ಕೇಳಿಸ್ಲಿಲ್ಲ," ಎಂದರು ಮಾವನ ಹೆಂಡತಿ, ಸಹಾಯ ಮಾಡುವವರಂತೆ. ಮಾವ ಹಾಡುತ್ತಿದ್ದ ರೇಡಿಯೋ ಆರಿಸಿದರು. ಕಾರಿನ ತುಂಬ ಕಿವಿಯೇ ಕಿವಿ.

"ಏನಿಲ್ಲ... ಮುಂದೆ ಬಲಕ್ಕೆ ತಿರುಗ್ಬೇಕು ಅಂದೆ."

ಅಕ್ಕ ತಟ್ಟನೆ ಬಲಕ್ಕೆ ತಿರುಗಿಸಿದಳು. ಮನೆ ಎಡಕ್ಕಿತ್ತು.